ಕಿಲೋಮೀಟರಿಗೆ ಎರಡು ರೂಪಾಯಿ

ಐವತ್ತು ದಾಟಿದ ಮೇಷ್ಟ್ರೊಬ್ಬರು ಬೆಳಗಿನ ಜಾವ ಸೈಕಲ್ ತುಳಿಯುತ್ತಿದ್ದರೆ ನಮ್ಮ ಪುಟ್ಟೇನಹಳ್ಳಿಯಲ್ಲಿ ಅದಕ್ಕೆ ಎರಡೇ ಅರ್ಥ. ಒಂದೋ ಡಾಕ್ಟರು ಸಕ್ಕರೆ ಕಾಯಿಲೆ ಎಂದಿರಬೇಕು, ಇಲ್ಲವೇ ಸ್ಕೂಟರ್ ಕೆಟ್ಟು ಮೂಲೆ ಸೇರಿರಬೇಕು. 2023ರ ಅಕ್ಟೋಬರ್‌ನಲ್ಲಿ ನಾನು ಸೈಕಲ್ ಹತ್ತಿ ಹೊರಟಾಗ ಹಾಲಿನ ಬೂತಿನವರು ಮೊದಲನೆಯದೇ ಇರಬೇಕೆಂದು ಊಹಿಸಿ, ಕಾಫಿಗೆ ಸಕ್ಕರೆಯ ಬದಲು ಬೆಲ್ಲ ಹಾಕಬಹುದೋ ಬಾರದೋ ಎಂಬ ಬಗ್ಗೆ ಪುಕ್ಕಟೆ ಸಲಹೆಯನ್ನೂ ಕೊಟ್ಟರು. ನನ್ನ ಕಾರಣ ಎರಡೂ ಆಗಿರಲಿಲ್ಲ. ಮೂರು ತಿಂಗಳು ಬಿಟ್ಟು ಪುಟ್ಟೇನಹಳ್ಳಿಯಿಂದ ಮೈಸೂರಿನವರೆಗೆ ಸೈಕಲ್ಲಿನಲ್ಲಿ ಹೋಗುತ್ತೇನೆ, ಕಿಲೋಮೀಟರಿಗೆ ಇಷ್ಟು ಎಂದು ದೇಣಿಗೆ ಕೊಡಿ ಎಂದು ಕಂಡಕಂಡವರನ್ನು ಕೇಳಿ ಒಂದು ನೋಟ್‌ಬುಕ್ಕಿನಲ್ಲಿ ಹೆಸರು ಬರೆಸಿಕೊಂಡಾಗಿತ್ತು. ನೋಟ್‌ಬುಕ್ಕು ತುಂಬಿತ್ತು. ಇನ್ನು ಉಳಿದದ್ದು ಸೈಕಲ್ ತುಳಿಯುವುದನ್ನು ಹೊಸದಾಗಿ ಕಲಿಯುವುದು ಮಾತ್ರ.

ಬೆಂಗಳೂರಿನಲ್ಲಿ ಪುಟ್ಟೇನಹಳ್ಳಿಗಳು ಎರಡಿವೆ. ಯಲಹಂಕದ ಕಡೆಯದು ಹಕ್ಕಿಗಳ ಕೆರೆಗೆ ಹೆಸರಾದದ್ದು. ನಮ್ಮದು ಜೆ.ಪಿ. ನಗರ ಏಳನೆಯ ಹಂತದ್ದು. ನಮಗೂ ಒಂದು ಕೆರೆಯಿದೆ. ಒಣಗಿ ಕಸ ಸುರಿಯುವ ಜಾಗವಾಗುತ್ತಿದ್ದ ಅದನ್ನು ಇಲ್ಲಿನ ನಿವಾಸಿಗಳೇ 2010ರಲ್ಲಿ ಒಂದು ಟ್ರಸ್ಟ್ ಕಟ್ಟಿಕೊಂಡು, ಪಾಲಿಕೆಯ ಜೊತೆ ಸೇರಿ ಉಳಿಸಿಕೊಂಡರು. ನನ್ನ ಅಭ್ಯಾಸವೆಲ್ಲ ಶುರುವಾದದ್ದು ಆ ಕೆರೆಯ ಪಕ್ಕದ ರಸ್ತೆಯಿಂದಲೇ.

ಇಷ್ಟಕ್ಕೂ ಈ ಉಸಾಬರಿ ಏಕೆಂದು ಹೇಳಬೇಕು. 2022ರಲ್ಲಿ ನನ್ನ ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ತಂದೆ ಉತ್ತರ ಕರ್ನಾಟಕದಿಂದ ಬಂದ ಗಾರೆ ಕೆಲಸದವರು. ಆ ವರ್ಷದ ಮಳೆಗಾಲದಲ್ಲಿ ಹುಡುಗನಿಗೆ ಜ್ವರ ಬಂದು ಬಿಡದೇ ಹೋಯಿತು. ಮುಖ ಬಿಳಿಚಿಕೊಂಡಿತು, ಪೆಟ್ಟು ಬೀಳದಿದ್ದರೂ ಕೈಕಾಲಿನ ಮೇಲೆ ನೀಲಿ ಕಲೆಗಳೆದ್ದವು. ರಕ್ತ ಪರೀಕ್ಷೆಯಾಗಿ ಕಿದ್ವಾಯಿ ಆಸ್ಪತ್ರೆಗೆ ಹೋದಾಗ ತಿಳಿದದ್ದು ಅದು ರಕ್ತದ ಕ್ಯಾನ್ಸರ್ ಎಂದು. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯ. ಮೂಳೆಯೊಳಗಿನ ಮಜ್ಜೆಯಲ್ಲಿ ಬಲಿಯದ ಬಿಳಿ ರಕ್ತಕಣಗಳು ಅಂಕೆಯಿಲ್ಲದೆ ಹುಟ್ಟಿ ಜಾಗವನ್ನೆಲ್ಲ ಆಕ್ರಮಿಸುತ್ತವೆ. ಕೆಂಪು ಕಣಗಳಿಗೆ ಎಡೆಯಿಲ್ಲದ್ದರಿಂದ ಬಿಳಿಚಿಕೊಳ್ಳುವುದು. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳಿಗೆ ಎಡೆಯಿಲ್ಲದ್ದರಿಂದ ನೀಲಿ ಕಲೆ. ಇಪ್ಪತ್ತೈದು ವರ್ಷಗಳಿಂದ ‘ರಕ್ತದ ಘಟಕಗಳು’ ಎಂಬ ಪಾಠ ಮಾಡುತ್ತ ಬಂದವನಿಗೆ ಆ ಚಿತ್ರ ಹುಡುಗನ ಮೈಮೇಲೆ ಕಂಡಿತು.

ಈ ಕಾಯಿಲೆ ಗುಣವಾಗದ್ದೇನಲ್ಲ ಎಂಬುದನ್ನು ಪೋಷಕರು ತಿಳಿದಿರಬೇಕು. ಚಿಕಿತ್ಸೆ ಪೂರ್ತಿಯಾಗಿ ದೊರೆಯುವ ಮುಂದುವರಿದ ದೇಶಗಳಲ್ಲಿ ಹತ್ತು ಮಕ್ಕಳಲ್ಲಿ ಒಂಬತ್ತು ಮಂದಿ ಬದುಕಿ ಬಾಳುತ್ತಾರೆ. ಆದರೆ ಆ ‘ಪೂರ್ತಿ’ ಎಂಬುದು ಎರಡರಿಂದ ಎರಡೂವರೆ ವರ್ಷ. ಮೊದಲ ತಿಂಗಳಲ್ಲೇ ಬಹುಪಾಲು ಮಕ್ಕಳ ರಕ್ತ ಪರೀಕ್ಷೆ ಚೆನ್ನಾಗಿ ಬರುತ್ತದೆ, ಊಟ ಸೇರುತ್ತದೆ, ಓಡಾಡತೊಡಗುತ್ತಾರೆ. ಅಪಾಯ ಇರುವುದೇ ಅಲ್ಲಿ. ಕಣ್ಣಿಗೆ ಕಾಣದ ಒಂದಷ್ಟು ಕ್ಯಾನ್ಸರ್ ಕಣಗಳು ಉಳಿದೇ ಇರುತ್ತವೆ. ಔಷಧ ನಿಲ್ಲಿಸಿದರೆ ಅವು ಮತ್ತೆ ಬೆಳೆಯುತ್ತವೆ. ನಮ್ಮ ಹುಡುಗನ ತಂದೆ ಎರಡನೆಯ ತಿಂಗಳಲ್ಲಿ ಶಾಲೆಗೆ ಬಂದು, “ಹುಡುಗ ಆರಾಮ ಆಗ್ಯಾನ್ರಿ ಸರ, ಊರಿಗೆ ಕರ್ಕೊಂಡು ಹೋಗ್ತೀವ್ರಿ” ಎಂದಾಗ ಅವರ ದನಿಯಲ್ಲಿದ್ದದ್ದು ಸಂತೋಷ. ಔಷಧಕ್ಕೆ ಸರ್ಕಾರದ ಯೋಜನೆಯ ನೆರವಿತ್ತು. ಇರಲಿಲ್ಲವಾದದ್ದು ಕೂಲಿ. ವಾರಕ್ಕೆ ಎರಡು ದಿನ ಆಸ್ಪತ್ರೆಯಲ್ಲಿ ಕುಳಿತರೆ ಆ ಎರಡು ದಿನದ ಸಂಬಳವಿಲ್ಲ. ರಕ್ತಕಣ ಕಡಿಮೆಯಿರುವ ಮಗುವನ್ನು ತುಂಬಿದ ಬಸ್ಸಿನಲ್ಲಿ ಕರೆದೊಯ್ಯಬೇಡಿ ಎಂದರೆ ಆಟೊ ಬಾಡಿಗೆ ಯಾರು ಕೊಡುತ್ತಾರೆ?

ಮುಖ್ಯೋಪಾಧ್ಯಾಯಿನಿಯವರೂ ನಾನೂ ಕೂಡಿ ಅವರನ್ನು ತಡೆದೆವು. ಹುಡುಗನ ಪಕ್ಕದ ಹಾಸಿಗೆಯಲ್ಲಿದ್ದ ಆರು ವರ್ಷದ ಹುಡುಗಿಯ ಮನೆಯವರನ್ನು ತಡೆಯುವವರು ಯಾರೂ ಇರಲಿಲ್ಲ. ಅವರು ಹಬ್ಬಕ್ಕೆಂದು ಊರಿಗೆ ಹೋದವರು ತಿರುಗಿ ಬರಲಿಲ್ಲ. ಆ ಹುಡುಗಿ ಏನಾದಳೆಂದು ನಮ್ಮ ಹುಡುಗ ನನ್ನನ್ನು ಮೂರು ಸಲ ಕೇಳಿದ್ದಾನೆ.

ಇಂಥ ಕುಟುಂಬಗಳಿಗೆ ಆಟೊ ಬಾಡಿಗೆ, ಒಂದು ಕೋಣೆಯ ಬಾಡಿಗೆ, ತಿಂಗಳ ದಿನಸಿ ಕೊಟ್ಟು ಚಿಕಿತ್ಸೆ ಮುಗಿಯುವವರೆಗೆ ಊರಿನಲ್ಲಿ ಉಳಿಸಿಕೊಳ್ಳುವ ಒಂದು ಸಣ್ಣ ಟ್ರಸ್ಟ್‌ನ ಪರಿಚಯ ಆಗಿನ ಓಡಾಟದಲ್ಲಿ ಆಯಿತು. ಅದಕ್ಕೆ ಹಣ ಕೂಡಿಸುವ ದಾರಿ ಹೇಳಿದವನು ಬಾಸ್ಟನ್‌ನಲ್ಲಿ ಕೆಲವು ವರ್ಷವಿದ್ದು ಬಂದ ನನ್ನ ಹಳೆಯ ವಿದ್ಯಾರ್ಥಿ. ಅಲ್ಲಿ ಬಿಲ್ಲಿ ಸ್ಟಾರ್ ಎಂಬವರು ಕ್ಯಾನ್ಸರ್‌ನಿಂದ ತೀರಿಕೊಂಡ ತಾಯಿಯ ನೆನಪಿಗೆ 1980ರಲ್ಲಿ 36 ಜನರನ್ನು ಕಟ್ಟಿಕೊಂಡು ಮ್ಯಾಸಚೂಸೆಟ್ಸ್ ರಾಜ್ಯದ ಉದ್ದಕ್ಕೂ ಸೈಕಲ್ ತುಳಿದು ಹತ್ತು ಸಾವಿರ ಡಾಲರ್ ಚಿಲ್ಲರೆ ಸೇರಿಸಿದರಂತೆ. ‘ಪ್ಯಾನ್-ಮಾಸ್ ಚಾಲೆಂಜ್’ ಎಂಬ ಆ ಸವಾರಿ ವರ್ಷವರ್ಷವೂ ನಡೆದು, ಅಲ್ಲಿನ ಡೇನಾ-ಫಾರ್ಬರ್ ಕ್ಯಾನ್ಸರ್ ಸಂಸ್ಥೆಗೆ 2024ರ ಹೊತ್ತಿಗೆ ಒಟ್ಟು ನೂರು ಕೋಟಿ ಡಾಲರ್‌ಗೂ ಮೀರಿ ಕೊಟ್ಟಿದೆ.

ಫಾರ್ಬರ್ ಎಂಬ ಹೆಸರು ಕೇಳಿದೊಡನೆ ನನಗೆ ಪಾಠ ಮಾಡುವ ಚಪಲ. ಆ ಸಿಡ್ನಿ ಫಾರ್ಬರ್ 1947ರ ಕೊನೆಯಲ್ಲಿ ಇದೇ ಕಾಯಿಲೆಯ ಮಕ್ಕಳಿಗೆ ಅಮೈನೋಪ್ಟೆರಿನ್ ಎಂಬ ಔಷಧ ಕೊಟ್ಟು, ಕೆಲವು ಮಕ್ಕಳಲ್ಲಿ ತಾತ್ಕಾಲಿಕವಾಗಿಯಾದರೂ ಕಾಯಿಲೆ ಹಿಂದೆ ಸರಿಯುವುದನ್ನು ಮೊದಲು ತೋರಿಸಿದವರು. ಆ ಔಷಧ ಬಂದದ್ದು ಲೆಡರ್ಲಿ ಕಂಪನಿಯ ಪ್ರಯೋಗಾಲಯದಿಂದ. ಅಲ್ಲಿ ಸಂಶೋಧನೆಯ ಮುಖ್ಯಸ್ಥರಾಗಿದ್ದವರು ನಮ್ಮ ನೆರೆಯ ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಅದರ ತಮ್ಮನೆನ್ನಬಹುದಾದ ಮೆಥೊಟ್ರೆಕ್ಸೇಟ್ ಇವತ್ತಿಗೂ ಈ ಚಿಕಿತ್ಸೆಯ ಭಾಗ. ನಮ್ಮ ಹುಡುಗ ವಾರಕ್ಕೊಮ್ಮೆ ನುಂಗುತ್ತಿದ್ದ ಮಾತ್ರೆ ಅದೇ. ಸುಬ್ಬರಾಯರ ಹೆಸರು ತರಗತಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಕ್ರಿಕೆಟ್ ಆಟಗಾರರ ಹೆಸರು ಬೆನ್ನ ಮೇಲಿನ ನಂಬರಿನೊಂದಿಗೆ ಗೊತ್ತಿತ್ತು. ಇರಲಿ.

ಇನ್ನು ಸೈಕಲ್ಲು. ಬಾಡಿಗೆ ಸೈಕಲ್ಲಿನ ಕಾಲದಲ್ಲಿ ಒಳಪೆಡ್ಲು ಹೊಡೆದು ಕಲಿತ ನನಗೆ ಗೇರ್ ಸೈಕಲ್ ಎಂದರೆ ವಿಮಾನ. ಅದೇ ಶಿಷ್ಯ ತನ್ನ ಬಾಲ್ಕನಿಯಲ್ಲಿ ಟವೆಲ್ ಒಣಹಾಕಲು ಬಳಸುತ್ತಿದ್ದ ಒಂದನ್ನು ಕೊಟ್ಟ. ಹತ್ತುವ ಮುಂಚೆ ಡಾಕ್ಟರ ಹತ್ತಿರ ಹೋಗಿ ರಕ್ತದೊತ್ತಡ, ಇಸಿಜಿ ಎಲ್ಲ ನೋಡಿಸಿದೆ. ನಲವತ್ತು ದಾಟಿದ ಪೋಷಕರು ಯಾರಾದರೂ ಇದನ್ನು ಓದಿ ಉತ್ಸಾಹ ತಂದುಕೊಂಡರೆ ಮೊದಲು ಅಷ್ಟು ಮಾಡಿ. ಹೆಲ್ಮೆಟ್ ಕೊಳ್ಳಿ. ಸೀಟಿನ ಎತ್ತರ ಸರಿಮಾಡಿಸಿ: ಪೆಡಲ್ ತೀರ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿಯಿಟ್ಟರೆ ಕಾಲು ನೆಟ್ಟಗಾಗಬೇಕು. ನಮ್ಮೂರಿನಲ್ಲಿ ಹತ್ತರಲ್ಲಿ ಎಂಟು ಸೈಕಲ್‌ಗಳ ಸೀಟು ತಗ್ಗಾಗಿರುತ್ತದೆ, ಆಮೇಲೆ ಮಂಡಿ ನೋವೆಂದು ಸೈಕಲ್ಲನ್ನು ಬೈಯುತ್ತಾರೆ.

ಮೊದಲ ವಾರ ದಿನಕ್ಕೆ ಹತ್ತು ಕಿ.ಮೀ. ಕೆರೆಯಿಂದ ಹೊರಟು ಕನಕಪುರ ರಸ್ತೆ ಸೇರಿ ರೇಷ್ಮೆ ಸಂಸ್ಥೆಯ ಮೆಟ್ರೊ ನಿಲ್ದಾಣದವರೆಗೆ ಹೋಗಿ ಬರುವುದು. ಆಮೇಲೆ ಭಾನುವಾರಗಳಂದು ಮಾತ್ರ ದೂರ ಹೆಚ್ಚಿಸುತ್ತ ಕಗ್ಗಲೀಪುರ, ಹಾರೋಹಳ್ಳಿ, ಡಿಸೆಂಬರ್ ಹೊತ್ತಿಗೆ ಕನಕಪುರ ಮುಟ್ಟಿ ವಾಪಸು. ನಮ್ಮ ಪಿ.ಟಿ. ಮೇಷ್ಟ್ರು ಜೊತೆಗಿದ್ದರು. ನಾಲ್ಕನೆಯ ವಾರವೊಮ್ಮೆ ಅವರು ನನಗೆ ಪೂರ್ತಿ ರಜೆ ಕೊಡಿಸುತ್ತಿದ್ದರು. ಸ್ನಾಯು ಬಲಿಯುವುದು ತುಳಿಯುವಾಗಲ್ಲ, ಆಮೇಲೆ ಮಲಗಿರುವಾಗ ಎಂಬುದು ಅವರ ವಾದ. ಶರೀರಶಾಸ್ತ್ರವೂ ಬಹುಮಟ್ಟಿಗೆ ಹಾಗೆಯೇ ಹೇಳುತ್ತದೆ. “ರೀ, ಮಲಗೋದಕ್ಕೂ ಒಂದು ಟೈಮ್ ಟೇಬಲ್ಲಾ?” ಎಂದು ನನ್ನ ಶ್ರೀಮತಿ ನಕ್ಕಳು.

ಅಭ್ಯಾಸದ ಅರ್ಧ ನಡೆದದ್ದು ರಸ್ತೆಯಲ್ಲಿ, ಇನ್ನರ್ಧ ತರಗತಿಯ ಕರಿಹಲಗೆಯ ಮೇಲೆ. ಗಂಟೆಗೆ 18 ಕಿ.ಮೀ. ವೇಗದಲ್ಲಿ ಸಮತಟ್ಟಾದ ರಸ್ತೆಯಲ್ಲಿ ಹೋಗಲು ನನಗೆ ಬೇಕಾಗುವ ಸಾಮರ್ಥ್ಯ ಎಷ್ಟು? ಟೈರಿನ ಘರ್ಷಣೆ, ಗಾಳಿಯ ಎದುರುಬಲ ಎರಡನ್ನೂ ಕೂಡಿ ಮಕ್ಕಳು ಲೆಕ್ಕ ಹಾಕಿದಾಗ ಬಂದದ್ದು 65 ವಾಟ್ ಆಸುಪಾಸು. ಅಂದರೆ ಹಳೆಯ ಕಾಲದ ಒಂದು ಬಲ್ಬು. “ಸರ್, ನೀವು ಒಂದು ಬಲ್ಬು” ಎಂದು ಹಿಂದಿನ ಬೆಂಚು ಕೂಗಿತು. ಅದೇ ವೇಗ 25 ಕಿ.ಮೀ. ಆದರೆ? ಗಾಳಿಯನ್ನು ಸೀಳಲು ಬೇಕಾದ ಸಾಮರ್ಥ್ಯ ವೇಗದ ಘನಕ್ಕೆ ತಕ್ಕಂತೆ ಏರುವುದರಿಂದ ಎರಡು ಬಲ್ಬು. ಎರಡು ಬಲ್ಬು ಎಂಟು ಗಂಟೆ ಉರಿಯುವ ಚೈತನ್ಯ ನನ್ನಲ್ಲಿಲ್ಲ. ಆದ್ದರಿಂದ ನನ್ನ ವೇಗ ನಿಗದಿಯಾದದ್ದು ಕರಿಹಲಗೆಯ ಮೇಲೆಯೇ: 18 ದಾಟಬಾರದು.

ಆಹಾರದ ಲೆಕ್ಕ ಇನ್ನೂ ಸೊಗಸು. ಸುಮಾರು 70 ವಾಟ್‌ನಂತೆ ಎಂಟು ಗಂಟೆ ತುಳಿದರೆ 2,000 ಕಿಲೋಜೂಲ್ ಕೆಲಸ. ನಮ್ಮ ಸ್ನಾಯುಗಳು ಉಂಡದ್ದರಲ್ಲಿ ಕಾಲು ಭಾಗವನ್ನಷ್ಟೇ ಕೆಲಸವಾಗಿಸಿ ಉಳಿದದ್ದನ್ನು ಶಾಖವಾಗಿ ಬಿಡುತ್ತವೆ. ಒಂದು ಕ್ಯಾಲೊರಿ ಎಂದರೆ ನಾಲ್ಕು ಜೂಲ್ ಚಿಲ್ಲರೆ. ಒಂದು ಕಡೆ ನಾಲ್ಕರಿಂದ ಗುಣಿಸಿ ಇನ್ನೊಂದು ಕಡೆ ನಾಲ್ಕರಿಂದ ಭಾಗಿಸಿದಂತಾಗಿ, ಮಾಡಿದ ಕೆಲಸದ ಕಿಲೋಜೂಲ್ ಎಷ್ಟೋ ತಿನ್ನಬೇಕಾದ ಕಿಲೋಕ್ಯಾಲೊರಿಯೂ ಹೆಚ್ಚುಕಡಿಮೆ ಅಷ್ಟೇ. ಸೃಷ್ಟಿಕರ್ತ ಸೈಕಲ್ ಸವಾರರಿಗೆಂದೇ ಮಾಡಿಟ್ಟ ಸೌಕರ್ಯ! ಇಡ್ಲಿಯೊಂದಕ್ಕೆ 60 ಎಂದು ಹಿಡಿದರೂ ಮೈಸೂರು ಮುಟ್ಟಲು ಮೂವತ್ತಕ್ಕೂ ಹೆಚ್ಚು ಇಡ್ಲಿ. ಮೈಯಲ್ಲಿ ಗ್ಲೈಕೋಜನ್ ರೂಪದ ಉಳಿತಾಯ ಒಂದಷ್ಟಿರುತ್ತದೆ, ಕೊಬ್ಬೂ ಕರಗುತ್ತದೆ. ಆದರೂ ಗಂಟೆಗೊಮ್ಮೆ ಬಾಯಿ ಆಡಿಸದಿದ್ದರೆ ದಾರಿಯಲ್ಲಿ ಕೈಕಾಲು ಸೋತು ತಲೆ ಖಾಲಿಯಾಗುತ್ತದೆ. ಬಾಳೆಹಣ್ಣು, ಕಡಲೆಕಾಯಿ ಮಿಠಾಯಿ, ಉಪ್ಪು ಸಕ್ಕರೆ ಹಾಕಿದ ನಿಂಬೆ ಪಾನಕ ಎಂದು ಪಟ್ಟಿಯಾಯಿತು.

ದೂರ ಅಳೆಯುವುದು ಏಳನೆಯ ತರಗತಿಯ ಪಾಲಿಗೆ ಬಂತು. ಸೈಕಲ್ ಚಕ್ರದ ಕಡ್ಡಿಗೆ ಒಂದು ಸಣ್ಣ ಅಯಸ್ಕಾಂತ, ಫೋರ್ಕಿಗೆ ಒಂದು ಸೆನ್ಸರ್; ಪ್ರತಿ ಸುತ್ತನ್ನು ಎಣಿಸಿ ಸುತ್ತಳತೆಯಿಂದ ಗುಣಿಸುವ ಮೀಟರ್ ಅದು. ಸುತ್ತಳತೆಯನ್ನು ನಾವೇ ತುಂಬಬೇಕು. ಮಕ್ಕಳು ಕಾರಿಡಾರಿನಲ್ಲಿ ಟೈರಿಗೆ ಸೀಮೆಸುಣ್ಣದ ಗುರುತು ಹಾಕಿ, ನನ್ನನ್ನು ಮೇಲೆ ಕೂರಿಸಿಯೇ ಹತ್ತು ಸುತ್ತು ಉರುಳಿಸಿ ಅಳೆದರು. ಭಾರಕ್ಕೆ ಟೈರು ಅಮುಕಿ ಸುತ್ತಳತೆ ಕಡಿಮೆಯಾಗುತ್ತದಲ್ಲ ಎಂದು ಕೇಳಿದ್ದು ಒಬ್ಬ ಹುಡುಗಿ. ಕಿಲೋಮೀಟರಿಗೆ ಎರಡು ರೂಪಾಯಿ ಬರೆಸಿದ್ದವಳೂ ಅವಳೇ. ಹಣ ಕೊಡುವವಳು ಅಳತೆ ಸರಿಯಿದೆಯೇ ಎಂದು ನೋಡುವುದು ನ್ಯಾಯವೇ.

ಮೈಸೂರಿಗೆ ಯಾವ ದಾರಿ? 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ದಶಪಥ ಹೆದ್ದಾರಿಯ ಮುಖ್ಯ ರಸ್ತೆಗೆ ಅದೇ ಆಗಸ್ಟ್ 1ರಿಂದ ದ್ವಿಚಕ್ರ, ತ್ರಿಚಕ್ರ ವಾಹನಗಳಿಗೂ ಮೋಟಾರಿಲ್ಲದ ಗಾಡಿಗಳಿಗೂ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯಲ್ಲಿ ಹೋಗಬಹುದಿತ್ತು. ಆದರೆ ನಮ್ಮ ಮನೆಯ ಬಾಗಿಲಿಗೆ ಹತ್ತಿರದ್ದು ಕನಕಪುರ ರಸ್ತೆ. ಕನಕಪುರ, ಸಾತನೂರು, ಹಲಗೂರು, ಮಳವಳ್ಳಿ, ಬನ್ನೂರು, ಮೈಸೂರು. ಮದ್ದೂರು ವಡೆ ತಪ್ಪಿತಲ್ಲ ಎಂಬ ಒಂದು ವ್ಯಥೆ ಬಿಟ್ಟರೆ ಸೈಕಲ್ಲಿಗೆ ಇದೇ ವಾಸಿ.

2024ರ ಜನವರಿ 21, ಭಾನುವಾರ. ಬೆಳಿಗ್ಗೆ ಐದೂಕಾಲಿಗೆ ಕೆರೆಯ ಬಳಿಯಿಂದ ಆರು ಸೈಕಲ್ ಹೊರಟವು: ನಾನು, ಪಿ.ಟಿ. ಮೇಷ್ಟ್ರು, ನಾಲ್ವರು ಹಳೆಯ ವಿದ್ಯಾರ್ಥಿಗಳು. ಹಿಂದೆ ನೀರು, ಪಂಪು, ಔಷಧದ ಡಬ್ಬಿ ಹೊತ್ತ ಒಂದು ಕಾರು. ತಾತಗುಣಿಯ ಇಳಿಜಾರಿನಲ್ಲಿ ಚಳಿಗೆ ಬೆರಳು ಮರಗಟ್ಟಿ ಬ್ರೇಕ್ ಹಿಡಿಯುವುದೇ ಕಷ್ಟವಾಯಿತು. ಹಾರೋಹಳ್ಳಿಯಲ್ಲಿ ಸೂರ್ಯ ಕಂಡ. ಕನಕಪುರದಲ್ಲಿ ಇಡ್ಲಿ, ನಾನು ಆರು ತಿಂದೆ, ಉಳಿದ ಬಾಕಿಯನ್ನು ದಾರಿಯಲ್ಲಿ ತೀರಿಸುವುದೆಂದು. ಅಲ್ಲಿಂದ ಮುಂದೆ ಹುಣಿಸೆ ಮರಗಳ ನೆರಳು, ರೇಷ್ಮೆ ಸಾಕುವವರ ಹಿಪ್ಪುನೇರಳೆ ತೋಟ, ಹೊಲದಲ್ಲಿ ಹುರುಳಿ ಬಡಿಯುತ್ತಿದ್ದ ಜನ. ಸಾತನೂರು ದಾಟಿದ ಮೇಲೆ ಶಿಷ್ಯನೊಬ್ಬನ ಚಕ್ರಕ್ಕೆ ಜಾಲಿ ಮುಳ್ಳು ಚುಚ್ಚಿತು. ತಿಂಗಳಿಗೆ ಲಕ್ಷಗಟ್ಟಲೆ ಸಂಪಾದಿಸುವ ಎಂಜಿನಿಯರುಗಳು ನಾಲ್ವರು ಸೇರಿ ಟ್ಯೂಬು ಬದಲಿಸಲು ಅರ್ಧ ಗಂಟೆ ತೆಗೆದುಕೊಂಡರು. ಪಿ.ಟಿ. ಮೇಷ್ಟ್ರು ಕೈಕಟ್ಟಿ ನೋಡುತ್ತ ನಿಂತಿದ್ದರು. ಪರೀಕ್ಷೆಯಲ್ಲಿ ಸಹಾಯ ಮಾಡುವ ಪದ್ಧತಿ ಅವರದಲ್ಲ.

ಹಲಗೂರಿನಲ್ಲಿ ಚಹಾ ಕುಡಿಯುವಾಗ ಅರಳಿಕಟ್ಟೆಯ ಮೇಲಿದ್ದ ಯಜಮಾನರೊಬ್ಬರು ನಮ್ಮನ್ನು ಮೇಲಿಂದ ಕೆಳಗೆ ನೋಡಿ, “ಏನ್ ಸ್ವಾಮಿ, ಹೆಂಗುಸ್ರಿಗೆ ಬಸ್ ಫ್ರೀ ಮಾಡುದ್ರು ಅಂತ ಗಂಡುಸ್ರು ಸೈಕಲ್ ಹತ್‌ಬುಟ್ರಾ?” ಎಂದರು. ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಅಂಗಿಯ ಜೇಬಿನಿಂದ ಐವತ್ತು ರೂಪಾಯಿ ತೆಗೆದು ಕೊಟ್ಟರು. ರಸೀದಿಗೆ ಹೆಸರು ಕೇಳಿದರೆ, “ಬುಡಿ ಸ್ವಾಮಿ, ಮಗೀಗೆ ಒಂದು ಎಳನೀರು ಕೊಡ್ಸಿ” ಎಂದರು.

ಹಲಗೂರಿನಿಂದ ಮಳವಳ್ಳಿಯ ಕಡೆ ಹೋಗುವಾಗ ಸಿಗುವ ಸೀಮೆಯಲ್ಲಿ, ಪತ್ರಿಕೆಗಳಲ್ಲಿ ನಾವು ಟಿ.ಕೆ. ಹಳ್ಳಿ ಎಂದು ಓದುವ ತೊರೆಕಾಡನಹಳ್ಳಿ ಇದೆ. ಬೆಂಗಳೂರಿನ ನಲ್ಲಿಗಳಿಗೆ ಬರುವ ಕಾವೇರಿ ನೀರು ಶುದ್ಧಿಯಾಗಿ ಹೊರಡುವುದು ಇಲ್ಲಿಂದ. ಮೊದಲ ಹಂತ ಮುಗಿದದ್ದು 1974ರಲ್ಲಿ, ಐದನೆಯ ಹಂತ ಉದ್ಘಾಟನೆಯಾದದ್ದು ನಮ್ಮ ಸವಾರಿಯಾದ ವರ್ಷವೇ ಅಕ್ಟೋಬರ್‌ನಲ್ಲಿ. ಆ ನೀರನ್ನು ಇಲ್ಲಿ ಒಮ್ಮೆ, ಹಾರೋಹಳ್ಳಿಯಲ್ಲಿ ಒಮ್ಮೆ, ತಾತಗುಣಿಯಲ್ಲಿ ಮತ್ತೊಮ್ಮೆ ಪಂಪ್ ಮಾಡಿ ಎತ್ತುತ್ತಾರೆ. ಬೆಳಗಿನಿಂದ ನಾವು ಇಳಿದು ಬಂದ ದಾರಿಯನ್ನೇ ನೀರು ಹತ್ತಿ ಹೋಗುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲೆ. ಮಳವಳ್ಳಿ ಅದಕ್ಕಿಂತ ಸುಮಾರು 300 ಮೀಟರ್ ಕೆಳಗೆ. ಹದಿನೈದು ಲೀಟರಿನ ಒಂದು ಬಿಂದಿಗೆ ನೀರನ್ನು ಅಷ್ಟೆತ್ತರ ಏರಿಸಲು 44 ಕಿಲೋಜೂಲ್ ಬೇಕು. ಘರ್ಷಣೆಯ ನಷ್ಟ ಸೇರಿಸದೆಯೇ ನನ್ನಂಥ ಒಂದು ಬಲ್ಬು ಹತ್ತು ಹನ್ನೊಂದು ನಿಮಿಷ ತುಳಿಯಬೇಕು, ಒಂದು ಬಿಂದಿಗೆಗೆ! ಆ ಬೇಸಿಗೆಯಲ್ಲಿ ಬೆಂಗಳೂರಿಗೆ ನೀರಿನ ಬರ ಬಂದಾಗ ಈ ಲೆಕ್ಕ ನಮ್ಮ ಶಾಲೆಯ ನಲ್ಲಿಯ ಮೇಲೆ ಅಂಟಿಕೊಂಡಿತ್ತು.

ಇಳಿದದ್ದನ್ನು ಹತ್ತಲೇಬೇಕು. ಮೈಸೂರು ಇರುವುದು 770 ಮೀಟರ್ ಎತ್ತರದಲ್ಲಿ. ಮಳವಳ್ಳಿ ಬಿಟ್ಟಾಗ ಹನ್ನೊಂದೂವರೆ, ಬಿಸಿಲು ನೆತ್ತಿಗೆ. ಕಬ್ಬು, ಭತ್ತದ ಗದ್ದೆಗಳ ನಡುವೆ ಬನ್ನೂರಿನವರೆಗೆ ಹೇಗೋ ಬಂದೆವು. ಕಾವೇರಿ ದಾಟಿದ ಮೇಲೆ ಒಂದು ಏರಿನಲ್ಲಿ ಬಲದೊಡೆಯ ಸ್ನಾಯು ಹಗ್ಗ ಹೊಸೆದಂತೆ ಹಿಡಿದುಕೊಂಡಿತು. ಪಿ.ಟಿ. ಮೇಷ್ಟ್ರು ನೆರಳಲ್ಲಿ ಕೂರಿಸಿ, ಕಾಲು ನೀವಿ, ಉಪ್ಪು ಹಾಕಿದ ಮಜ್ಜಿಗೆ ಕುಡಿಸಿದರು. “ಸಾರ್, ಕಾರಿದೆ, ಹತ್ತಿಬಿಡಿ” ಎಂದ ಒಬ್ಬ ಶಿಷ್ಯ, ಒಳ್ಳೆಯ ಮನಸ್ಸಿನಿಂದಲೇ. ಕಾರಿನಲ್ಲಿ ಕುಳಿತ ಕಿಲೋಮೀಟರಿಗೆ ಯಾರೂ ದುಡ್ಡು ಬರೆಸಿರಲಿಲ್ಲ. ಆಸ್ಪತ್ರೆಯಲ್ಲಿ ಹುಡುಗನ ಬೆನ್ನಿಗೆ ಸೂಜಿ ಚುಚ್ಚುವಾಗ ಅವನು ಒಂದರಿಂದ ಮೂವತ್ತರವರೆಗೆ ಎಣಿಸುತ್ತಿದ್ದನಂತೆ, ಮೂವತ್ತರೊಳಗೆ ಮುಗಿಯುತ್ತದೆ ಎಂದು ನರ್ಸಮ್ಮ ಹೇಳಿದ್ದರೆಂದು. ನನಗೆ ಅದು ಆಗ ನೆನಪಾಯಿತು. ಎದ್ದು, ಏರು ಮುಗಿಯುವವರೆಗೆ ಸೈಕಲ್ ತಳ್ಳಿಕೊಂಡು ನಡೆದೆ. ಆಮೇಲೆ ಹತ್ತಿ, ಅತ್ಯಂತ ಸಣ್ಣ ಗೇರಿನಲ್ಲಿ, ಎಮ್ಮೆಗಾಡಿಯ ವೇಗದಲ್ಲಿ ತುಳಿದೆ. ಎಡಗಡೆ ದೂರದಲ್ಲಿ ಚಾಮುಂಡಿ ಬೆಟ್ಟ ಕಂಡಿತು. ಕಂಡ ಮೇಲೂ ಊರು ಬರಲು ಬಹಳ ಹೊತ್ತು ಹಿಡಿಯಿತು. ಮೂರು ಗಂಟೆ ಹತ್ತು ನಿಮಿಷಕ್ಕೆ ಮೈಸೂರು. ಮೀಟರಿನಲ್ಲಿ 137.4.

ಸೋಮವಾರ ಏಳನೆಯ ತರಗತಿಯಲ್ಲಿ ಮೀಟರಿನ ತಪಾಸಣೆ ನಡೆಯಿತು. ಎರಡು ರೂಪಾಯಿಯ ಹುಡುಗಿ 274 ರೂಪಾಯಿ 80 ಪೈಸೆ ಎಂದು ಲೆಕ್ಕ ಹಾಕಿದಳು. ಬನ್ನೂರಿನಾಚೆ ತಳ್ಳಿಕೊಂಡು ನಡೆದದ್ದು ಎಷ್ಟು ದೂರ ಎಂದು ಕೇಳಿದಳು. ನಾನೂರು ಮೀಟರ್ ಎಂದೆ. “ಅದು ಸೈಕಲ್ ಸವಾರಿ ಅಲ್ವಲ್ಲ ಸರ್” ಎಂದಳು. ತರಗತಿ ಎರಡು ಪಕ್ಷವಾಯಿತು. ಚಕ್ರ ಉರುಳಿದೆಯಲ್ಲ ಎಂದು ಹುಡುಗರು. ಕರಾರಿನಲ್ಲಿ ತುಳಿಯುವುದೆಂದಿದೆ ಎಂದು ಹುಡುಗಿಯರು. ಕೊನೆಗೆ 274 ರೂಪಾಯಿಯನ್ನು ಎಣಿಸಿ ಕೊಟ್ಟು, ನೋಟ್‌ಬುಕ್ಕಿನಲ್ಲಿ ತನ್ನ ಹೆಸರಿನ ಮುಂದೆ ಸಹಿ ಹಾಕಿಸಿಕೊಂಡಳು. ಅಂಗಡಿಯವರು, ಅಪಾರ್ಟ್‌ಮೆಂಟಿನವರು, ಹಾಲಿನ ಬೂತಿನವರು ಯಾರೂ ಆ ನಾನೂರು ಮೀಟರಿನ ತಂಟೆಗೆ ಹೋಗಲಿಲ್ಲ.

ಆರು ಜನರ ನೋಟ್‌ಬುಕ್ಕೂ ಸೇರಿ 1,86,450 ರೂಪಾಯಿ ಆಯಿತು, ಹಲಗೂರಿನ ಐವತ್ತೂ ಸೇರಿ. ಟ್ರಸ್ಟ್‌ನವರು ಖರ್ಚಿನ ಪಟ್ಟಿಯನ್ನು ತಿಂಗಳು ತಿಂಗಳು ಕಳಿಸಿದರು: ಎರಡು ಕುಟುಂಬಗಳಿಗೆ ಹನ್ನೊಂದು ತಿಂಗಳ ಕೋಣೆ ಬಾಡಿಗೆ, ಉಳಿದದ್ದು ಆಟೊ, ಅಕ್ಕಿ, ಬೇಳೆ. ಅದರಲ್ಲಿ ಒಂದು ಕುಟುಂಬ ಚಿಕಿತ್ಸೆ ಮುಗಿಸಿ ಊರಿಗೆ ಹೋಗಿದೆ. ಇನ್ನೊಂದು ಮನೆಯ ಮಗು, ಎಲ್ಲ ಮಾಡಿಯೂ, ಉಳಿಯಲಿಲ್ಲ.

ನಮ್ಮ ಹುಡುಗನ ಮಾತ್ರೆಗಳು ನಿಂತಿವೆ. ಒಂದು ವರ್ಷ ತಡವಾದರೂ ಎಸ್.ಎಸ್.ಎಲ್.ಸಿ. ಬರೆದ, ವಿಜ್ಞಾನಕ್ಕಿಂತ ಸಮಾಜದಲ್ಲಿ ಹೆಚ್ಚು ಅಂಕ ತೆಗೆದು ನನ್ನ ಮರ್ಯಾದೆ ಕಳೆದ. ಆಗಾಗ ತಪಾಸಣೆಗೆ ಕಿದ್ವಾಯಿಗೆ ಹೋಗಿ ಬರುತ್ತಾನೆ, ಈಗ ಬಸ್ಸಿನಲ್ಲೇ.